ನಿಮಗಿದು ಗೊತ್ತೇ? ಮೇಗರವಳ್ಳಿಯ ಸುತ್ತ ಒಂದು ಮಲೆರಾಜ್ಯ

ಗುಡ್ಡ, ಬಿಡದೆ ಸುರಿಯುವ ಮಳೆ, ಬಿದಿರು, ಅಡಿಕೆ, ಕಾಡನ್ನೇ ನಂಬಿದ ಬುಡಕಟ್ಟುಗಳು. ಇಷ್ಟು ಹೇಳಿದರೆ ಸಾಕು, ನಮಗೆ ಮೇಘಾಲಯವೋ ನಾಗಾಲ್ಯಾಂಡೋ ನೆನಪಾಗುತ್ತದೆ. ನಾಗಾಲ್ಯಾಂಡ್ 1963ರಲ್ಲಿ, ಮೇಘಾಲಯ 1972ರಲ್ಲಿ ರಾಜ್ಯಗಳಾದವು. ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಗೆ ಅಂಥ ಪಟ್ಟ ಕಟ್ಟಿದವರಿಲ್ಲ. ಆದರೆ ಒಂದು ರಾಜ್ಯಕ್ಕೆ ಬೇಕಾದ ನದಿ, ಬೆಳೆ, ಅರಸರು, ಹೋರಾಟ, ಹಬ್ಬ, ಕಥೆ ಎಲ್ಲವೂ ಇಲ್ಲಿವೆ. ಘಟ್ಟದ ಮೇಲಿನ ಮೂಲೆ ಎಂದು ಇದನ್ನು ಬದಿಗೆ ಸರಿಸುವವರು ಉಂಟು. ಮೂಲೆಯಾದರೂ ಹೊರಲೋಕದ ಜೊತೆ ಇದರ ಕೊಡುಕೊಳೆ ಯಾವತ್ತೂ ನಿಂತಿಲ್ಲ. ಓದಿ ನೋಡಿ.

ಮಳೆ

● ಮೇಗರವಳ್ಳಿ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಮಲ್ಪೆಯ ಕಡಲ ದಂಡೆಯಿಂದ ಘಟ್ಟ ಹತ್ತಿ ತೀರ್ಥಹಳ್ಳಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 169ಎ ಈ ಊರನ್ನು ಹಾದೇ ಹೋಗಬೇಕು. ಹೆದ್ದಾರಿ ಬಂತು, ರೈಲು ಬರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇಂದಿಗೂ ರೈಲು ಹಳಿ ಇಲ್ಲ.

● ಆಗುಂಬೆಯ ವಾರ್ಷಿಕ ಸರಾಸರಿ ಮಳೆ ಸುಮಾರು 7,600 ಮಿ.ಮೀ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿ.ಮೀ. ಸುರಿದದ್ದು ದಾಖಲೆ. ಬೆಂಗಳೂರಿಗೆ ಅಷ್ಟು ಮಳೆ ಆಗಬೇಕಾದರೆ ನಾಲ್ಕು ವರ್ಷ ದಾಟಬೇಕು.

● ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಆಗುಂಬೆಗಿದೆ. ಆದರೂ ಮೇಘಾಲಯದವರ ಮುಂದೆ ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ. ಚಿರಾಪುಂಜಿಯ ಪಕ್ಕದ ಮೌಸಿನ್‌ರಾಮ್‌ನ ಸರಾಸರಿ 11,800 ಮಿ.ಮೀ.ಗೂ ಹೆಚ್ಚು.

● ಆಗುಂಬೆಯ ಇಷ್ಟು ಮಳೆಗೆ ಕಾರಣ ಘಟ್ಟದ ನಿಲುವು. ಕಡಲಿನಿಂದ ನೀರುಂಡು ಬಂದ ಗಾಳಿ ಬಯಲು ದಾಟುತ್ತಿದ್ದಂತೆ ಎದುರಿಗೆ ಗೋಡೆಯ ಹಾಗೆ ಗುಡ್ಡ. ಬೇರೆ ದಾರಿಯಿಲ್ಲದೆ ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದದ್ದನ್ನೆಲ್ಲ ನೆತ್ತಿಯಲ್ಲೇ ಸುರಿಯುತ್ತದೆ. ಪೂರ್ವಕ್ಕೆ ಹೋದಷ್ಟೂ ಮಳೆ ಕಡಿಮೆ. ಅದೇ ಜಿಲ್ಲೆಯ ಶಿವಮೊಗ್ಗ ಪಟ್ಟಣಕ್ಕೆ ಬೀಳುವುದು ಆಗುಂಬೆಯ ಐದನೇ ಒಂದು ಪಾಲೂ ಅಲ್ಲ.

● ಆಗುಂಬೆಯ ನೆತ್ತಿಯಲ್ಲಿ ಬೀಳುವ ಮಳೆಗೆ ಎರಡು ಕಡಲು. ಪಡುವಣಕ್ಕೆ ಇಳಿದ ನೀರು ಸೀತಾನದಿ ಸೇರಿ ಹತ್ತಿರದ ಅರಬ್ಬಿ ಸಮುದ್ರ ಮುಟ್ಟುತ್ತದೆ. ಮೂಡಣಕ್ಕೆ ಹರಿದದ್ದು ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆ ಎಂದು ಹೆಸರು ಬದಲಿಸುತ್ತ, ದಕ್ಷಿಣ ಭಾರತವನ್ನೇ ಅಡ್ಡ ಹಾಯ್ದು ಬಂಗಾಳ ಕೊಲ್ಲಿಗೆ ಬೀಳುತ್ತದೆ.

● ಇಲ್ಲಿನ ಕೃಷಿಕರ ಕ್ಯಾಲೆಂಡರಿನಲ್ಲಿ ಮಳೆಗಾಲಕ್ಕೆ ತಿಂಗಳ ಲೆಕ್ಕವಿಲ್ಲ, ನಕ್ಷತ್ರದ ಲೆಕ್ಕ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರಾ ಹೂಡಿದರೆ ಸಸಿ ಮಡಿಯ ಕೆಲಸ. ಪುನರ್ವಸು, ಪುಷ್ಯದಲ್ಲಿ ನೆಟ್ಟಿಯ ಗಡಿಬಿಡಿ. ‘ಮಳೆ ಹೇಗೆ?’ ಎಂದು ಕೇಳಿದರೆ ‘ಆರಿದ್ರೆ ಕೈಕೊಟ್ಟಿತು, ಪುಷ್ಯ ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ.

● ಸಸಿ ನೆಡುವ ಹೆಂಗಸರ ಬೆನ್ನ ಮೇಲಿನ ಗೊರಬು ನೋಡಿದ್ದೀರಾ? ಬಿದಿರ ಹೆಣಿಗೆಗೆ ಎಲೆ ಹೊದಿಸಿದ ಮಳೆಗವಚ. ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತದೆ, ಎರಡೂ ಕೈ ಕೆಲಸಕ್ಕೆ ಬಿಡುವು. ಮೇಘಾಲಯದ ಖಾಸಿ ಜನರ ‘ಕ್ನೂಪ್’ ಕೂಡ ಇದೇ ರೂಪ, ಇದೇ ಕೆಲಸ. ಎರಡು ಗುಡ್ಡನಾಡುಗಳು ಒಂದನ್ನೊಂದು ನೋಡದೆಯೇ ಒಂದೇ ಕೊಡೆ ಹೆಣೆದವು.

● ಖಾಸಿ ಗುಡ್ಡಗಳಲ್ಲಿ ಹಳ್ಳ ದಾಟಲು ಆಲದ ಜಾತಿಯ ಮರದ ಜೀವಂತ ಬೇರುಗಳನ್ನೇ ಹೆಣೆದು ಸೇತುವೆ ಬೆಳೆಸುತ್ತಾರೆ. ನಮ್ಮಲ್ಲಿ ಎರಡು ಅಡಿಕೆ ಮರ ಅಡ್ಡ ಹಾಕಿದರೆ ಸಂಕ ಸಿದ್ಧ. ಅವರದು ತಲೆಮಾರುಗಟ್ಟಲೆ ಬಾಳುತ್ತದೆ. ನಮ್ಮದನ್ನು ಮಳೆಗಾಲಕ್ಕೊಮ್ಮೆ ಹೊಸದಾಗಿ ಹಾಕಬೇಕು. ಶಾಲೆಗೆ ಹೋಗುವ ಮಕ್ಕಳು ಕಾಲುಸಂಕ ದಾಟುವ ಚಿತ್ರ ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಬರುತ್ತದೆ.

ನೀರು ಮತ್ತು ಬೆಳಕು

● ಮೂರೂ ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುವ ನದಿ ಶರಾವತಿ. ಹುಟ್ಟು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಬೆಳೆಯುವುದು ಹೊಸನಗರದಲ್ಲಿ, ಧುಮುಕುವುದು ಸಾಗರದ ಅಂಚಿನ ಜೋಗದಲ್ಲಿ. ಹೊನ್ನಾವರದಲ್ಲಿ ಕಡಲು ಸೇರುವ ಹೊತ್ತಿಗೆ ಹರಿದದ್ದು ಬರೀ 128 ಕಿ.ಮೀ.

● ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಧುಮುಕುವುದು 253 ಮೀಟರ್ ಎತ್ತರದಿಂದ. ಆದರೆ ಹೊಸನಗರದ ಮಾಸ್ತಿಕಟ್ಟೆ ಬಳಿ ವಾರಾಹಿ ನದಿಯ ಕುಂಚಿಕಲ್ ಅಬ್ಬಿ ಎತ್ತರದ ಪಟ್ಟಿಗಳಲ್ಲಿ 455 ಮೀಟರ್ ಎಂದಿದೆ. ಮಾಣಿ ಅಣೆಕಟ್ಟು ಕಟ್ಟಿದ ಮೇಲೆ ಅದಕ್ಕೆ ಮೈತುಂಬ ನೀರು ಮಳೆಗಾಲದಲ್ಲಿ ಮಾತ್ರ. ಹಾಗಾಗಿ ಹೆಸರು ಕೇಳಿದವರೂ ಕಡಿಮೆ, ನೋಡಿದವರು ಇನ್ನೂ ಕಡಿಮೆ.

● ಆ ಮಾಣಿಯ ನೀರು ಘಟ್ಟದ ಹೊಟ್ಟೆಯೊಳಗೆ ಇಳಿದು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ವಿದ್ಯುತ್ತಾಗುತ್ತದೆ. ನೀರು ಹೊಸನಗರದ್ದು, ಯಂತ್ರ ಕುಂದಾಪುರ ಸೀಮೆಯದು.

● ಜೋಗದ ಮೊದಲ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಕಟ್ಟಿದ್ದು, ಆಮೇಲೆ ಮಹಾತ್ಮ ಗಾಂಧಿ ವಿದ್ಯುದಾಗಾರವಾಯಿತು. ಅದಕ್ಕೆ ನೀರು ಕೊಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ತಾನೇ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಈ ಹಳೆಯ ಕಟ್ಟೆ ಇಂದಿಗೂ ಮೇಲೇಳುತ್ತದೆ.

● ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ರಾಜ್ಯವೇ ಕಣ್ಣಿಟ್ಟು ನೋಡುವ ಅಂಕಿ ಇದು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆ ಬೆಳಕಿಗಾಗಿ ಸಾಗರ, ಹೊಸನಗರ ಸೀಮೆಯ ನೂರಕ್ಕೂ ಹೆಚ್ಚು ಹಳ್ಳಿಗಳ ಜನ ಗದ್ದೆ ತೋಟ ಬಿಟ್ಟು ಗಂಟುಮೂಟೆ ಕಟ್ಟಿದರು. ಕಾಡಿನ ನಡುವೆ ತೋರಿಸಿದ ಜಾಗದಲ್ಲಿ ನೆಲೆಯಾದ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರದ ಅಲೆದಾಟ ಇನ್ನೂ ಮುಗಿದಿಲ್ಲ.

● ಮುಳುಗಡೆಯ ಸಂಕಟವನ್ನು ಕಾದಂಬರಿಗೆ ತಂದವರು ಸಾಗರದ ನಾ. ಡಿಸೋಜ. ‘ಮುಳುಗಡೆ’, ‘ದ್ವೀಪ’ ಎರಡೂ ಅವರವೇ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು.

● ಹಿನ್ನೀರಿನಿಂದ ದ್ವೀಪವಾದ ತುಮರಿ ಸೀಮೆಯ ಜನ, ಸಿಗಂದೂರು ಚೌಡೇಶ್ವರಿಯ ಭಕ್ತರು, ಬಸ್ಸು, ಕಾರು, ಎಲ್ಲರೂ ಎಲ್ಲವೂ ದಶಕಗಳ ಕಾಲ ದಾಟಿದ್ದು ಲಾಂಚಿನಲ್ಲಿ. ರಾತ್ರಿ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೂ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ಕಾಡುದಾರಿ ಸುತ್ತಬೇಕಿತ್ತು. ಅಂಬಾರಗೊಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಕಟ್ಟಿ ಅರವತ್ತು ವರ್ಷ ಕಳೆದ ಮೇಲೆ!

● ಈಗಿನ ಚರ್ಚೆ ಶರಾವತಿ ಪಂಪ್ಡ್ ಸ್ಟೋರೇಜ್‌ನದು. ತಳಕಳಲೆ ಜಲಾಶಯದಿಂದ ಗೇರುಸೊಪ್ಪೆ ಜಲಾಶಯಕ್ಕೆ ನೀರು ಬಿಟ್ಟು ವಿದ್ಯುತ್ ತೆಗೆದು, ಬೇಡಿಕೆ ಕಡಿಮೆಯಿದ್ದಾಗ ಅದೇ ನೀರನ್ನು ಮತ್ತೆ ಮೇಲೆತ್ತುವ 2,000 ಮೆಗಾವಾಟ್ ಯೋಜನೆ. ಮಧ್ಯೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಅದಕ್ಕೇ ಇಷ್ಟು ಜಗ್ಗಾಟ.

ಕಾಡು

● ಕಾಳಿಂಗ ಸರ್ಪ ಎಂದರೆ ಆಗುಂಬೆ ನೆನಪಾಗುತ್ತದೆ. ಉರಗತಜ್ಞ ರಾಮ್ಯುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. 2024ರಲ್ಲಿ ವಿಜ್ಞಾನಿಗಳು ಕಾಳಿಂಗವೆಂದರೆ ಒಂದೇ ಜಾತಿಯಲ್ಲ, ನಾಲ್ಕು ಎಂದು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ‘ಒಫಿಯೋಫೇಗಸ್ ಕಾಳಿಂಗ’.

● ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಹೆಣ್ಣು ತನ್ನ ಮೈಯನ್ನೇ ಸುತ್ತಿ ತರಗೆಲೆ ಗುಡ್ಡೆ ಹಾಕಿ, ನಡುವೆ ಮೊಟ್ಟೆಯಿಟ್ಟು, ಮಳೆಗಾಲದಲ್ಲಿ ಕಾವಲು ಕೂರುತ್ತದೆ. ಮರಿ ಹೊರಬರುವ ಮುನ್ನ ಎದ್ದು ಹೋಗುತ್ತದೆ.

● ‘ಕಾನು’ ಎಂದರೆ ಬರೀ ಕಾಡಲ್ಲ. ಊರವರು ದೇವರ ಭಯಭಕ್ತಿಯಿಂದ ಕಾಯ್ದು, ಕಾಳುಮೆಣಸು, ಬಗನಿ, ಹಲಸು ಬೆಳೆಸಿಕೊಂಡ ನಿತ್ಯಹಸಿರು ತುಂಡು. 1801ರಲ್ಲಿ ಈ ಸೀಮೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕಾಡಿನೊಳಗೆ ಮೆಣಸು ಬೆಳೆಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಪಕ್ಕದ ಸೊರಬದ ಕಾನುಗಳ ಮೇಲೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಬರೆದರು.

● ಮೆಣಸಿನ ಮಾತು ಬಂತಲ್ಲ. ಸಾಗರದಿಂದ ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿ 16ನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಲಿಸ್ಬನ್ನಿನ ಅಡುಗೆಮನೆಯ ಖಾರಕ್ಕೂ ಈ ಕಾನುಗಳಿಗೂ ನಂಟಿತ್ತು.

● ಮೊದಲ ಗುಡುಗಿಗೆ ಕಾಯುವುದು ಹೆಗ್ಗಾಲಣಬೆಗಾಗಿ. ಅದು ಏಳುವುದು ಗೆದ್ದಲು ಇರುವ ನೆಲದಲ್ಲೇ. ಗೆದ್ದಲುಗಳು ಗೂಡೊಳಗೆ ಸಾಕುವ ಶಿಲೀಂಧ್ರ ಮಳೆಗೆ ನೆಲ ಸೀಳಿ ಕೊಡೆ ಬಿಚ್ಚುತ್ತದೆ. ಅಂಗಡಿಯ ಬಟನ್ ಅಣಬೆಯ ಹಾಗೆ ಇದನ್ನು ಬೆಳೆದು ಮಾರಲು ಬರುವುದಿಲ್ಲ. ಅದಕ್ಕೇ ಎದ್ದ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ.

● ಹೊಸ ನೀರು ಹಳ್ಳಕ್ಕೆ ಬಂದ ರಾತ್ರಿ ಮೀನು ಹೊಳೆಯಿಂದ ಗದ್ದೆಯತ್ತ ಏರುತ್ತದೆ, ಮೊಟ್ಟೆಯಿಡಲು. ಇದೇ ಹತ್ತುಮೀನು. ಬಿದಿರಿನ ಕೂಣಿ ಒಡ್ಡಿ, ದೀಪ ಹಿಡಿದು ಕಾಯುವುದು ಹಳೆಯ ರೂಢಿ. ಮೊಟ್ಟೆ ತುಂಬಿದ ಮೀನನ್ನೇ ಬಾಚಿಕೊಂಡರೆ ಮುಂದಿನ ವರ್ಷಕ್ಕೆ ಏನು ಉಳಿದೀತು ಎಂಬ ಎಚ್ಚರ ಈಗೀಗ ಊರವರಲ್ಲೇ ಹುಟ್ಟಿದೆ.

● ಮೀನು ಹಿಡಿಯಲೇಬಾರದ ಜಾಗವೂ ಇದೆ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮಡುವಿನ ಮೀನುಗಳು ದೇವರ ಮೀನುಗಳು. ಕಾನೂನು ಬರುವ ಮೊದಲೇ ಭಕ್ತಿ ಕಾವಲು ನಿಂತಿತ್ತು. ಇನ್ನು ಮಂಡಗದ್ದೆಯಲ್ಲಿ ಮಳೆಗಾಲಕ್ಕೆ ತುಂಗೆಯ ನಡುಗಡ್ಡೆಯ ಮರಗಳೆಲ್ಲ ಬೆಳ್ಳಕ್ಕಿ, ನೀರುಕಾಗೆಗಳ ಬಾಣಂತಿ ಮನೆ.

● ಉಪ್ಪಾಗೆ ಗೊತ್ತಲ್ಲ? ಮೀನುಸಾರಿನ ಹುಳಿಗೆ ಸಿಪ್ಪೆ, ದೋಸೆ ಸವರಲು ಬೀಜದ ತುಪ್ಪ. ಹಣ್ಣಾಗುವುದು ಸರಿಯಾಗಿ ಜಡಿಮಳೆಯಲ್ಲಿ. ಬಿಸಿಲಿಲ್ಲದ್ದರಿಂದ ಒಲೆಯ ಮೇಲೆ ತಟ್ಟಿ ಕಟ್ಟಿ ಒಣಗಿಸಬೇಕು, ರಾಶಿ ಸೌದೆ ಬೇಕು. ಮೈತೂಕ ಇಳಿಸುವ ಔಷಧಿಗೆಂದು ಪರದೇಶಗಳಿಗೆ ಸಿಪ್ಪೆ ಹೋಗತೊಡಗಿದ ಮೇಲೆ ಕೊಯ್ಲಿನಲ್ಲೂ ಪೈಪೋಟಿ ಬಂತು.

● ಅಪ್ಪೆಮಿಡಿ ಹೊಳೆದಂಡೆಯ ಕಾಡುಮಾವು. ಸೊನೆಯ ಘಮಕ್ಕೇ ಬೆಲೆ. ಉಪ್ಪಿನಲ್ಲಿ ಹಾಕಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಬೇಸಿಗೆಯಲ್ಲಿ ಇದರ ಜೋರು ವ್ಯಾಪಾರ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ. ಲಾರ್ಡ್ ರಿಪ್ಪನ್ ಹೆಸರಿನ ಪೇಟೆಯಲ್ಲಿ ಮಾವಿನಮಿಡಿ ಎಣಿಸಿ ಮಾರುತ್ತಾರೆ.

● ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಹೆಸರು. ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ, ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ವಿಜ್ಞಾನಿಗಳು ಬೆಚ್ಚಿದ್ದರು. ಪರೀಕ್ಷಿಸಿದರೆ ಹೊಸದೇ ವೈರಸ್, ಬಂಧುಗಳಿರುವುದು ದೂರದ ರಷ್ಯಾದಲ್ಲಿ. ಹರಡುವುದು ಉಣುಗು. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಮತ್ತೆ ಜೋರಾಗಿ ಜೀವ ತೆಗೆಯಿತು.

ಅಡಿಕೆ

● ಅಡಿಕೆಯಲ್ಲೂ ಜಾತಿ ಉಂಟು. ಶಿವಮೊಗ್ಗ ಮಾರುಕಟ್ಟೆಯ ಲೆಕ್ಕದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು. ಮರ ಒಂದೇ, ಕೊನೆ ಒಂದೇ. ಕಾಯಿ ಎಷ್ಟು ಎಳೆಯದು, ಹೇಗೆ ಸುಲಿದಿರಿ, ಹೇಗೆ ಬೇಯಿಸಿದಿರಿ ಎಂಬುದರ ಮೇಲೆ ದರ. ಎಳೆಯದಾದ ಸರಕಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ.

● ಘಟ್ಟದ ಮೇಲೆ ಕೆಂಪಡಿಕೆ, ಕೆಳಗೆ ಚಾಲಿ. ಕರಾವಳಿಯವರು ಹಣ್ಣಾದ ಮೇಲೆ ಕೊಯ್ದು ಸಿಪ್ಪೆಸಹಿತ ತಿಂಗಳು ಮೀರಿ ಬಿಸಿಲಿಗೆ ಹಾಕುತ್ತಾರೆ. ಮಲೆನಾಡಿನವರು ಹಸಿಯಿದ್ದಾಗಲೇ ಸುಲಿದು ಬೇಯಿಸುತ್ತಾರೆ.

● ಸುಲಿಯುವ ಕಾಲದಲ್ಲಿ ಒಂದು ಮನೆಗೆ ಹೋಗಿ ನೋಡಿ. ಅಂಗಳದ ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು. ಮಣೆ ಮೆಟ್ಟಿ ಕೂತವರು ಕಾಯಿಯನ್ನು ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕೂಲಿ ದಿನದ ಲೆಕ್ಕವಲ್ಲ, ಡಬ್ಬದ ಲೆಕ್ಕ. ಪಕ್ಕದಲ್ಲಿ ಹಂಡೆ ಕುದಿಯುತ್ತಿರುತ್ತದೆ. ಬೇಯಿಸಿದ ನೀರು ಸಾರ ಬಿಟ್ಟು ಚೊಗರಾಗುತ್ತದೆ. ಆ ಚೊಗರೇ ಮುಂದಿನ ಬೇಯಿಕೆಗೆ ಬಣ್ಣ, ಹೊಳಪು. ಬೆಳೆಗಾರರು ಅದನ್ನು ಚೆಲ್ಲುವುದಿಲ್ಲ, ಕೊಳ್ಳುವವರೂ ಇದ್ದಾರೆ. ಯಂತ್ರ ಬಂದ ಮೇಲೆ ಮೆಟ್ಟುಗತ್ತಿಯ ಸಾಲು ಚಿಕ್ಕದಾಗಿದೆ, ರಾತ್ರಿ ಮಾತುಕತೆಯೂ.

● ಮಳೆಗೆ ಕೊನೆ ಕೊಳೆಯದಂತೆ ಹಿಂದಿನವರು ಕೊನೆಗೇ ಅಂಗಿ ತೊಡಿಸುತ್ತಿದ್ದರು. ಹಾಳೆಯ ಕೊಟ್ಟೆ ಹೊತ್ತು ಮರ ಹತ್ತಿ ಒಂದೊಂದು ಕೊನೆಗೂ ಕಟ್ಟಿ ಬರುವ ಕೆಲಸ. ಇದೇ ಕೊಟ್ಟೆ ಕಟ್ಟುವುದು.

● ಕೊಳೆರೋಗದ ಶಿಲೀಂಧ್ರವನ್ನು ಬೆನ್ನಟ್ಟಿದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು 1910ರಲ್ಲಿ ಈ ರೋಗದ ಅಧ್ಯಯನ ಪ್ರಕಟಿಸಿದರು. ಮದ್ದು ಬಂದದ್ದು ಫ್ರಾನ್ಸಿನಿಂದ. ಅಲ್ಲಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯದಿರಲೆಂದು ಮೈಲುತುತ್ತ ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗವೇ ಇಲ್ಲದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ಇಂದಿಗೂ ಅದೇ ಪಾಕ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ.

● ತೋಟವೆಂದರೆ ಬರೀ ತೋಟವಲ್ಲ. ಅದಕ್ಕೆ ಸೊಪ್ಪು, ದರಗು, ಗೊಬ್ಬರ ಒದಗಿಸುವ ಸೊಪ್ಪಿನಬೆಟ್ಟವೂ ಬೇಕು. ಪಕ್ಕದ ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಬೆಟ್ಟ ಬೋಳಾದರೆ ತೋಟ ಸೊರಗುತ್ತದೆ ಎಂಬ ಲೆಕ್ಕ ಈ ನೆಲದವರಿಗೆ ಹಳೆಯದು.

● ದಲ್ಲಾಳಿಗಳ ಹಿಡಿತ ತಪ್ಪಿಸಲು ಬೆಳೆಗಾರರೇ ಕಟ್ಟಿದ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದು 1939ರಲ್ಲಿ. ಇಂದಿಗೂ ‘ಇವತ್ತಿನ ರಾಶಿ ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮದುವೆ, ಮನೆ, ಕಾರಿನ ಮಾತು.

● ಸಿಹಿಯಲ್ಲದ ಸಂಗತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತೋಟದಲ್ಲಿ ಎಲೆಚುಕ್ಕೆ ರೋಗ, ಹೊರಗೆ ಈ ಷರಾ. ಒಂದೇ ಬೆಳೆ ನಂಬಿದ ಸೀಮೆ ತಲೆ ಕೆಡಿಸಿಕೊಳ್ಳಬೇಕಾದ ಮಾತಿದು.

● ಖಾಸಿಗಳಿಗೂ ನಮಗೂ ಇನ್ನೊಂದು ನಂಟು ಎಲೆಅಡಿಕೆ. ಅವರ ‘ಕ್ವಾಯ್’ ಕೊಡದೆ ಅತಿಥಿಯನ್ನು ಮಾತಾಡಿಸುವುದಿಲ್ಲ. ಯಾರಾದರೂ ತೀರಿಕೊಂಡರೆ, ದೇವರ ಮನೆಯಲ್ಲಿ ಕ್ವಾಯ್ ತಿನ್ನಲು ಹೋದರು ಎನ್ನುತ್ತಾರೆ.

ಜನ

● ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಹಸಲರು, ಗೌಡಲು, ಮಲೇರು, ಮೇದ ಎಂಬ ಹೆಸರುಗಳಿವೆ. ಮೇದರದ್ದು ಬಿದಿರು ಕೆಲಸ. ಹಸಲರ ಕೈಯಿಲ್ಲದೆ ಈ ಸೀಮೆಯ ಅಡಿಕೆ ತೋಟಗಳು ಇಲ್ಲ. ಜೇನು, ಸೀಗೆ, ದಾಲ್ಚಿನ್ನಿಯ ಕಾಡನ್ನು ಬಲ್ಲವರೂ ಅವರೇ. ಆದರೆ ತೋಟದ ಪಹಣಿಯಲ್ಲಿ ಅವರ ಹೆಸರು ಸಿಗುವುದು ಅಪರೂಪ.

● ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ನಗರ, ಅಂದರೆ ಹಳೆಯ ಬಿದನೂರು ಸೀಮೆಯ ‘ಹುಟ್ಟಾಳು’, ‘ಮಣ್ಣಾಳು’ಗಳ ಪ್ರಸ್ತಾಪವಿದೆ. ಒಡೆಯನ ಮನೆಗೆ ಇಲ್ಲವೇ ಒಡೆಯನ ಮಣ್ಣಿಗೆ ತಲೆಮಾರುಗಳಿಂದ ಅಂಟಿಕೊಂಡ ಆಳುಗಳು. ಜೀತಪದ್ಧತಿ ರದ್ದತಿ ಕಾಯಿದೆ ದೇಶಕ್ಕೆ ಬಂದದ್ದು 1976ರಲ್ಲಿ.

● 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ನೆಲದ ಮೇಲಿದ್ದರೆ ಸಾಕು. ಉಳಿದವರು ಮೂರು ತಲೆಮಾರಿನ, ಅಂದರೆ 75 ವರ್ಷದ ದಾಖಲೆ ತೋರಿಸಬೇಕು. ಮುಳುಗಡೆಯಾಗಿ 1960ರ ದಶಕದಲ್ಲಿ ಕಾಡಿಗೆ ಬಂದವರು ಆ ದಾಖಲೆಯನ್ನು ಎಲ್ಲಿಂದ ತರಬೇಕು? ಅವರ ಹಳೆಯ ಊರೇ ನೀರಿನಡಿ ಇದೆ.

● 1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಶುರುಮಾಡಿದರು. ಜಗಳದ ಬೇರು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು ಎಂಬುದೇ ದೂರು. ಸಂಘಟಿಸಿದವರು ಎಚ್. ಗಣಪತಿಯಪ್ಪ, ಗದ್ದೆಗಿಳಿದವರು ಹೆಚ್ಚಾಗಿ ದೀವರ ಸಮುದಾಯದವರು. ಆ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು.

● ಆ ಹೋರಾಟದಿಂದ ಎದ್ದು ಬಂದ ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ, 29ನೇ ವಯಸ್ಸಿಗೆ ಶಾಸಕರಾದರು. ‘ಉಳುವವನೇ ಹೊಲದೊಡೆಯ’ ಎಂಬುದು ಕಾಯಿದೆಯಾಗಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನೋಡಲು ಗೌಡರು ಇರಲಿಲ್ಲ, 1972ರಲ್ಲಿ ತೀರಿಕೊಂಡಿದ್ದರು.

● ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪ 1956ರಲ್ಲಿ ಮುಖ್ಯಮಂತ್ರಿಯಾಗಿದ್ದದ್ದು ಎರಡೂವರೆ ತಿಂಗಳು ಮಾತ್ರ. ಅಕ್ಟೋಬರ್ 31ಕ್ಕೆ ಅವರ ಅಧಿಕಾರ ಮುಗಿಯಿತು. ಮಾರನೆಯ ದಿನ ಕನ್ನಡ ನಾಡು ಒಂದಾಯಿತು.

● ದೀವರ ಮನೆಯ ಹಸೆಗೋಡೆಯ ಚಿತ್ತಾರಕ್ಕೆ ಬಣ್ಣದ ಅಂಗಡಿ ಬೇಡ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಗೆರೆ ಎಳೆಯುವವರು ಹೆಂಗಸರು. ಅಳತೆಪಟ್ಟಿಯಿಲ್ಲದೆ ಎಳೆದ ನೂರು ಗೆರೆಯಲ್ಲಿ ಒಂದೂ ಸೊಟ್ಟಗಿರುವುದಿಲ್ಲ.

● ಆಶ್ವಯುಜ ಹುಣ್ಣಿಮೆಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಬೇಡವೇ? ಅದೇ ಭೂಮಿ ಹುಣ್ಣಿಮೆ. ಇಡೀ ರಾತ್ರಿ ಅಡುಗೆ. ಕಾಡಿನ ಹತ್ತಾರು ಬಗೆಯ ಸೊಪ್ಪಿನ ಬೆರಕೆ. ಚಿತ್ತಾರದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಬೆಳಗಿನ ಜಾವ ಗದ್ದೆಗೆ ನಡೆಯುತ್ತಾರೆ. ಮೊದಲ ತುತ್ತು ಪೈರಿಗೆ, ಆಮೇಲೆ ಮನೆಯವರಿಗೆ.

● ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ದೀಪ ಆರಬಾರದು. ಅದರಿಂದಲೇ ಆ ಮನೆಯ ದೀಪ ಹೊತ್ತಿಸಬೇಕು. ಕದ ತೆರೆಸುವುದಕ್ಕೂ ಒಂದು ಹಾಡು, ಎಣ್ಣೆ ಎರೆಸುವುದಕ್ಕೂ ಒಂದು ಹಾಡು.

ಅರಸರು

● ಹೊಸನಗರದ ಹುಂಚ ಸಾಂತರರ ರಾಜಧಾನಿ. ಅಲ್ಲಿನ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ.

● ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದು, ಬೀದಿಯಲ್ಲಿ ಕಂಡ ಹಬ್ಬ, ಕುಣಿತಗಳನ್ನು ಊರಿಗೆ ಪತ್ರ ಬರೆದ. ಇಂದು ಇಕ್ಕೇರಿಯಲ್ಲಿ ಅಘೋರೇಶ್ವರ ದೇಗುಲ ಬಿಟ್ಟರೆ ರಾಜಧಾನಿಯ ಸುಳಿವು ಹುಡುಕಬೇಕು.

● ಕೆಳದಿಯ ಶಿವಪ್ಪನಾಯಕನ ಸಿಸ್ತು ಎಂಬ ಕಂದಾಯ ಕ್ರಮ ಪ್ರಸಿದ್ಧ. ಒಂದೊಂದು ಬಗೆಯ ನೆಲದಲ್ಲಿ ಸರ್ಕಾರದ ಖರ್ಚಿನಲ್ಲೇ 12 ವರ್ಷ ಬೆಳೆ ತೆಗೆಸಿ, ಬೀಜ, ಖರ್ಚು, ಇಳುವರಿ ಬರೆಸಿ, ಸರಾಸರಿ ಹಿಡಿದು ಕಂದಾಯ ಕಟ್ಟಿದ ಎಂದು ರೈಸ್ ದಾಖಲಿಸುತ್ತಾನೆ. ಮೊದಲು ಪ್ರಯೋಗ, ಆಮೇಲೆ ತೆರಿಗೆ.

● ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ದಾರಿ ಕೊಟ್ಟವಳು ಕೆಳದಿ ಚೆನ್ನಮ್ಮ. ಮೊಗಲರು ದಂಡೆತ್ತಿ ಬಂದರೂ ಬಿಟ್ಟುಕೊಡಲಿಲ್ಲ.

● 1763ರಲ್ಲಿ ಕೆಳದಿಯವರ ಬಿದನೂರು ಗೆದ್ದ ಹೈದರಾಲಿ ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟ. ಅದೇ ಇಂದಿನ ನಗರ. ಅವನ ಚಿನ್ನದ ವರಾಹದ ಒಂದು ಮುಖದಲ್ಲಿ ತನ್ನ ಹೆಸರಿನ ಪಾರಸಿ ಅಕ್ಷರ, ಇನ್ನೊಂದು ಮುಖದಲ್ಲಿ ಮೊದಲಿನಂತೆ ಶಿವ-ಪಾರ್ವತಿ. ವ್ಯಾಪಾರಿಗಳು ನಂಬಿದ ನಾಣ್ಯದ ಮುಖ ಬದಲಿಸುವುದು ಜಾಣತನವಲ್ಲ ಎಂದು ಅವನಿಗೆ ಗೊತ್ತಿತ್ತು.

ಕಥೆ, ರಂಗ, ತೆರೆ

● ಒಂದೇ ತಾಲ್ಲೂಕಿಗೆ ಎರಡು ಜ್ಞಾನಪೀಠ. ಕುಪ್ಪಳಿಯ ಕುವೆಂಪು, ಮೇಳಿಗೆಯ ಯು.ಆರ್. ಅನಂತಮೂರ್ತಿ. ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ, ‘ಘಟಶ್ರಾದ್ಧ’ ತೆಗೆದ ಗಿರೀಶ ಕಾಸರವಳ್ಳಿ ಕೂಡ ತೀರ್ಥಹಳ್ಳಿ ತಾಲ್ಲೂಕಿನವರೇ.

● ಸಾಗರದ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಗಾರರ ಹಳ್ಳಿಯೊಂದು 1949ರಲ್ಲಿ ನಾಟಕ ಸಂಘ ಕಟ್ಟಿತು. ಅದೇ ನೀನಾಸಂ. ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶೇಕ್ಸ್‌ಪಿಯರ್, ಬ್ರೆಕ್ಟ್, ಕುರೊಸಾವ ಎಲ್ಲರೂ ಈ ಹಳ್ಳಿಯ ಜನರಿಗೆ ಪರಿಚಿತರು.

● ಆರ್.ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿಗೆ ಶಂಕರ್‌ನಾಗ್ ಊರು ಹುಡುಕಿಕೊಟ್ಟದ್ದು ಆಗುಂಬೆಯಲ್ಲಿ, ರೈಲು ನಿಲ್ದಾಣ ಹುಡುಕಿಕೊಟ್ಟದ್ದು ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ. ದೂರದರ್ಶನದಲ್ಲಿ ಧಾರಾವಾಹಿ ಬಂದದ್ದು 1986ರಲ್ಲಿ. ಅರಸಾಳಿನ ಹಳೆಯ ನಿಲ್ದಾಣ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯ.

● ಮೇಗರವಳ್ಳಿಗೆ ಸಾಹಿತ್ಯದಲ್ಲಿ ಕಾಯಂ ವಿಳಾಸ ಕೊಟ್ಟದ್ದು 1967ರಲ್ಲಿ ಬಂದ ಕುವೆಂಪು ಕಾದಂಬರಿ ‘ಮಲೆಗಳಲ್ಲಿ ಮದುಮಗಳು’. ನಾಯಿ ಹುಲಿಯನ ಜೊತೆ ಅಲೆಯುವ ಗುತ್ತಿ, ತಿಮ್ಮಿ, ಮಿಶನ್ ಶಾಲೆಯ ಪಾದ್ರಿ, ಮಲೆಗೆ ಮೊದಲು ಬಂದ ಸೈಕಲ್ ಎಲ್ಲ ಹಾದುಹೋಗುವ ಊರಿದು. ಸಿ. ಬಸವಲಿಂಗಯ್ಯ 2010ರಲ್ಲಿ ಇದನ್ನು ಮೈಸೂರಿನ ರಂಗಾಯಣದಲ್ಲಿ ಒಂಬತ್ತು ಗಂಟೆಯ ನಾಟಕವಾಗಿಸಿದಾಗ ಜನ ಬೆಳಗಿನವರೆಗೆ ಕೂತು ನೋಡಿದರು.

● ಆ ಕಾದಂಬರಿಯ ಕಾಲ 19ನೇ ಶತಮಾನದ ಕೊನೆ. ಮಲೆಯ ಜನ ತಮ್ಮ ಪಾಡಿಗೆ ತಾವು ಹಳ್ಳ ದಾಟಿ, ಗುಡ್ಡ ಹತ್ತಿ ಓಡಾಡುವ ಹೊತ್ತಿಗೇ, 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನದ ವಿವೇಕಾನಂದರನ್ನೂ ಕುವೆಂಪು ಕಥೆಯೊಳಗೆ ಕರೆತರುತ್ತಾರೆ. ಮೇಗರವಳ್ಳಿ, ಚಿಕಾಗೋ ಎರಡಕ್ಕೂ ಅವರ ಪುಸ್ತಕದಲ್ಲಿ ಒಂದೇ ಗಡಿಯಾರ.